ಹಲ್ಲು ಕೀಳುವ ಮುನ್ನವೇ ಮುಖದ ಅಳತೆ ಬರೆದಿಡಿ

ಮಾನ್ಯರೆ,

ಹೊಸ ಹಲ್ಲುಸೆಟ್ಟು ಹಾಕಿಸಿಕೊಂಡ ಹಿರಿಯರಲ್ಲಿ ಕೆಲವರಿಗೆ ಮಾತಾಡುವಾಗ ಹಲ್ಲು ಟಕಟಕ ಎನ್ನುತ್ತದೆ, ವಸಡು ನೋಯುತ್ತದೆ, ತುಟಿ ಮುಚ್ಚಲು ಕಷ್ಟವಾಗುತ್ತದೆ. ಇನ್ನು ಕೆಲವರಿಗೆ ಗದ್ದ ಮೂಗಿನತ್ತ ಏರಿ, ಕಟವಾಯಿ ಸದಾ ಒದ್ದೆಯಾಗಿ ಬಿರಿಯುತ್ತದೆ. ಬಹುತೇಕ ಮೊದಲಿನವರಲ್ಲಿ ಕಚ್ಚಿನ ಎತ್ತರ, ಅಂದರೆ ಹಲ್ಲು ಕಚ್ಚಿದಾಗ ಮುಖದ ಕೆಳಭಾಗದ ಎತ್ತರ, ಹೆಚ್ಚಾಗಿರುತ್ತದೆ, ಎರಡನೆಯವರಲ್ಲಿ ಕಡಿಮೆ. ‘ಹೊಸದಲ್ಲವೇ, ಒಗ್ಗಿಹೋಗುತ್ತದೆ’ ಎಂದು ಇವರನ್ನು ಸಾಗಹಾಕುವುದು ತಪ್ಪು.

ಹಲ್ಲೇ ಇಲ್ಲದ ಬಾಯಲ್ಲಿ ಈ ಎತ್ತರವನ್ನು ಮುಖದ ಅಳತೆಯಿಂದ ಅಂದಾಜಿಸುವುದು ರೂಢಿ. ವಿಲ್ಲಿಸ್ ವಿಧಾನದಲ್ಲಿ ಕಣ್ಣಿನ ಪಾಪೆಯಿಂದ ತುಟಿಗಳು ಕೂಡುವ ಗೆರೆಯವರೆಗಿನ ದೂರವೂ ಮೂಗಿನ ಬುಡದಿಂದ ಗದ್ದದ ಕೆಳಅಂಚಿನವರೆಗಿನ ದೂರವೂ ಸಮವೆಂದು ಹಿಡಿಯುತ್ತಾರೆ. ಆದರೆ ಎಲ್ಲ ಮುಖಗಳಿಗೂ ಈ ಲೆಕ್ಕ ಕೂಡಿಬರುವುದಿಲ್ಲ. ಗದ್ದದಡಿಯ ಚರ್ಮ ಮೆತ್ತಗಿರುವುದರಿಂದ ಈ ದೂರ ಅಳೆಯುವ ಸಾಧನವಾದ ಗೇಜನ್ನು ತುಸು ಒತ್ತಿದರೂ ಒಂದೆರಡು ಮಿ.ಮೀ. ಏರುಪೇರಾಗುತ್ತದೆ; ಗಡ್ಡವಿದ್ದರಂತೂ ಇನ್ನೂ ಕಷ್ಟ. ದವಡೆ ವಿಶ್ರಾಂತಿಯಲ್ಲಿದ್ದಾಗ ಮೇಲಿನ, ಕೆಳಗಿನ ಹಲ್ಲುಗಳ ನಡುವೆ ಇರಬೇಕಾದ ಸಂದೇ 2ರಿಂದ 4 ಮಿ.ಮೀ. ಅಳತೆಯ ತಪ್ಪೇ ಆ ಸಂದನ್ನು ನುಂಗಿಬಿಡಬಹುದು.

ಆದ್ದರಿಂದ ಗೇಜಿನ ಅಂಕಿಯನ್ನು ಆರಂಭಕ್ಕಷ್ಟೇ ಇಟ್ಟುಕೊಳ್ಳಬೇಕು. ರೋಗಿ ತಲೆಗೆ ಆನಿಕೆಯಿಲ್ಲದೆ ನೆಟ್ಟಗೆ ಕುಳಿತು ಎದುರಿಗೆ ನೋಡಲಿ. ಮೂಗಿನ ತುದಿಗೂ ಗದ್ದಕ್ಕೂ ಒಂದೊಂದು ಚುಕ್ಕೆ ಇಡಿ. ಉಗುಳು ನುಂಗಿ, ‘ಅಮ್ಮ’ ಎಂದು ಹೇಳಿಸಿ, ತುಟಿಗಳು ಹಗುರವಾಗಿ ತಾಗಿ ದವಡೆ ಸಡಿಲವಾದಾಗ ಚುಕ್ಕೆಗಳ ದೂರ ಅಳೆಯಿರಿ. ಹೀಗೆ ಮೂರು ಸಲವಾದರೂ ಅಳೆದು ಸರಾಸರಿ ತೆಗೆಯಿರಿ. ಅದು 68 ಮಿ.ಮೀ. ಬಂದರೆ, ಹಲ್ಲುಗಳ ಜಾಗದಲ್ಲಿ ತಾತ್ಕಾಲಿಕವಾಗಿ ಇಡುವ ಮೇಣದ ಕಟ್ಟೆಗಳನ್ನು ಕಚ್ಚಿದಾಗ, ಆ ಸಂದಿನಷ್ಟು ಕಳೆದು, ಸುಮಾರು 65 ಇರಬೇಕು. ಕೊನೆಗೆ ಮೇಣದಲ್ಲಿ ಹಲ್ಲು ಜೋಡಿಸಿದ ಮೇಲೆ ‘ಸೊಸೆ’, ‘ಸಾಸಿವೆ’ ಎಂದು ಹೇಳಿಸಿ. ‘ಸ’ಕಾರದಲ್ಲಿ ಹಲ್ಲುಗಳು ಹತ್ತಿರ ಬರಬೇಕೇ ಹೊರತು ತಾಗಕೂಡದು, ತಾಗಿದರೆ ಎತ್ತರ ಹೆಚ್ಚಾಗಿದೆಯೆಂದೇ ಮೊದಲು ಅನುಮಾನಿಸಬೇಕು. ಮೇಣದಲ್ಲಿರುವಾಗ ತಿದ್ದುವುದು ಸುಲಭ, ಅಕ್ರಿಲಿಕ್ (ಸೆಟ್ಟಿನ ಗಟ್ಟಿ ಪ್ಲಾಸ್ಟಿಕ್) ಆದ ಮೇಲೆ ಹಾಗಲ್ಲ.

ಇಷ್ಟೆಲ್ಲ ಊಹೆಗೆ ಬೀಳದಿರಲು ಸುಲಭವಾದ ದಾರಿಯೊಂದಿದೆ. ಮೇಲೂ ಕೆಳಗೂ ಪರಸ್ಪರ ಕಚ್ಚುವ ಹಲ್ಲುಗಳು ಇನ್ನೂ ಇರುವಾಗಲೇ ಆ ಎರಡು ಚುಕ್ಕೆಗಳ ಅಳತೆಯನ್ನು, ಪಕ್ಕದಿಂದ ತೆಗೆದ ಮುಖದ ಫೋಟೊ ಸಮೇತ, ಕೇಸ್ ಶೀಟಿನಲ್ಲಿ ದಾಖಲಿಸುವುದು. ಚುಕ್ಕೆ ಇಟ್ಟ ಜಾಗವನ್ನೂ ಬರೆದಿರಬೇಕು. ಐದು ನಿಮಿಷದ ಕೆಲಸ. ಹಲ್ಲು ಕೀಳುವ ಪ್ರತಿ ಆಸ್ಪತ್ರೆಯೂ ಇದನ್ನು ಕಡ್ಡಾಯ ಮಾಡಿಕೊಂಡು, ಒಂದು ಪ್ರತಿಯನ್ನು ರೋಗಿಯ ಕೈಗೆ ಕೊಡಬೇಕು. ಹಳೆಯ ಸೆಟ್ಟು ಇದ್ದವರು ಅದನ್ನು ಎಸೆಯದೆ, ಹೊಸದು ಮಾಡಿಸುವಾಗ ತಪ್ಪದೆ ತನ್ನಿ. ಹಲ್ಲು ಸವೆದಿದ್ದರೂ ಹಿಂದೆ ಒಗ್ಗಿದ್ದ ಎತ್ತರಕ್ಕೆ ಅದು ಆಧಾರವಾಗುತ್ತದೆ.

– ಕೃತಕ ದಂತ ಚಿಕಿತ್ಸಕರು, ದಾವಣಗೆರೆ