ಮೊದಲು ಹದಿಮೂರೂ ನೋಡು, ಆಮೇಲೆ ಬೈ

ಪ್ರೀತಿಯ ತಮ್ಮಾ,

ನಿನ್ನ ಬರಹ ಬಂದು ವಾರವಾಯಿತು. ಎರಡು ಸಲ ಓದಿದೆ. ಮೊದಲ ಸಲ ನಕ್ಕೆ. ಎರಡನೇ ಸಲ ಪೆನ್ಸಿಲ್ ಹಿಡಿದು ಕೂತೆ. (ಮೇಡಂ ಅಂತ ಬರೆಯಬೇಡ, ಅಕ್ಕ ಅನ್ನು ಸಾಕು. ಮೇಡಂ ಅಂದ ಕೂಡಲೇ ನನಗೆ ಬ್ಯಾಂಕಿನ ಕೌಂಟರ್ ನೆನಪಾಗುತ್ತದೆ.)

ಟಾಮ್ ಅಂಡ್ ಜೆರ್ರಿಯ 1961–62ರ ಹದಿಮೂರು ಕಾರ್ಟೂನುಗಳನ್ನು ಚೆನ್ನಾಗಿ ಜಾಡಿಸಿದ್ದೀಯ. 'ಕತ್ತಲೆ ಯುಗ' ಅಂತ ತಲೆಬರಹ. 'ಅಸಹ್ಯ' ನಾಲ್ಕು ಸಲ, 'ಕಸ' ಮೂರು ಸಲ, 'ಬಾಲ್ಯಕ್ಕೆ ಬಗೆದ ದ್ರೋಹ' ಒಂದು ಸಲ. ಎಣಿಸಿದ್ದೇನೆ. ಆದರೆ ಮೂರು ಪುಟ ಮುಗಿದರೂ ಆ ಕಾರ್ಟೂನುಗಳಲ್ಲಿ ಬೆಕ್ಕು ಏನು ಮಾಡುತ್ತದೆ, ಇಲಿ ಏನು ಮಾಡುತ್ತದೆ ಅಂತ ಒಂದು ಸಾಲೂ ಸಿಗಲಿಲ್ಲ. ಅದಕ್ಕೇ ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಹದಿಮೂರರಲ್ಲಿ ಎಷ್ಟು ನೋಡಿದ್ದೀಯ? ನನ್ನ ಅಂದಾಜು ಎರಡು. ಒಂದೂವರೆ ಅಂದರೂ ಆಶ್ಚರ್ಯವಿಲ್ಲ.

ನಾನೂ ಇದೇ ಕೆಲಸ ಮಾಡಿದವಳೇ. ಇಪ್ಪತ್ತಾರನೇ ವಯಸ್ಸಿನಲ್ಲಿ ಒಬ್ಬ ಹಿರಿಯ ಕತೆಗಾರರ ಕೊನೆಯ ಸಂಕಲನದ ಬಗ್ಗೆ ಬರೆದೆ. ಅವರ ಕೈ ಸೋತಿದೆ ಅಂತ ಆಗ ಎಲ್ಲರೂ ಕಾಫಿ ಕುಡಿಯುತ್ತಾ ಹೇಳುತ್ತಿದ್ದರು. ಹನ್ನೊಂದು ಕತೆಗಳಲ್ಲಿ ನಾನು ಓದಿದ್ದು ಮೂರು. 'ಬತ್ತಿದ ಬಾವಿ' ಅಂತ ಹೆಡಿಂಗ್ ಕೊಟ್ಟೆ. ಎಷ್ಟೋ ವರ್ಷದ ಮೇಲೆ ಬಸ್ಸಿನಲ್ಲಿ ಹೊತ್ತು ಹೋಗಲಿ ಅಂತ ಅದೇ ಪುಸ್ತಕ ತೆರೆದೆ. ಎಂಟನೇ ಕತೆ ಓದುತ್ತಾ ನನ್ನ ಸ್ಟಾಪು ದಾಟಿ ಹೋಗಿತ್ತು. ಅಷ್ಟು ಹೊತ್ತಿಗೆ ಅವರು ಇರಲಿಲ್ಲ. ಆ ಪತ್ರಿಕೆಯ ಕಟಿಂಗ್ ಇನ್ನೂ ನನ್ನ ಹತ್ತಿರ ಇದೆ, ಬಂದಾಗ ತೋರಿಸುತ್ತೇನೆ.

ಈಗ ನಿನ್ನ ಬೆಕ್ಕು ಇಲಿಯ ವಿಷಯಕ್ಕೆ ಬರೋಣ.

ಟಾಮ್ ಅಂಡ್ ಜೆರ್ರಿಯನ್ನು ಹುಟ್ಟುಹಾಕಿದ ಹ್ಯಾನಾ ಮತ್ತು ಬಾರ್ಬೆರಾ ಜೋಡಿ 1940ರಿಂದ 1958ರವರೆಗೆ ಎಂಜಿಎಂ ಅನ್ನುವ ಹಾಲಿವುಡ್ ಸಿನಿಮಾ ಕಂಪನಿಗೆ 114 ಕಾರ್ಟೂನು ಮಾಡಿತು, ಏಳು ಆಸ್ಕರ್ ಗೆದ್ದಿತು ಅಂತ ಬರೆದಿದ್ದೀಯ. ಸರಿ. ಆದರೆ ಅಲ್ಲಿಂದ ಒಂದೇ ಹಾರಿಗೆ 1961ಕ್ಕೆ ಬಂದು ಬೈಯಲು ಶುರು ಮಾಡಿದ್ದೀಯ. ನಡುವೆ ಏನಾಯಿತು? ಕಂಪನಿ 1957ರಲ್ಲಿ ಕಾರ್ಟೂನ್ ವಿಭಾಗಕ್ಕೇ ಬೀಗ ಹಾಕಿತು, ಆಗಲೇ ಮಾಡಿಟ್ಟಿದ್ದವು 1958ರವರೆಗೆ ತೆರೆಗೆ ಬಂದವು. ಹಳೆಯ ಕಾರ್ಟೂನುಗಳನ್ನೇ ಮತ್ತೆ ಥಿಯೇಟರಿಗೆ ಬಿಟ್ಟರೂ ಹೊಸದರಿಂದ ಬರುವ ದುಡ್ಡಿನ ಹತ್ತಿರಹತ್ತಿರ ಬರುತ್ತಿತ್ತು, ಹೊಸದು ಯಾಕೆ ಮಾಡಬೇಕು ಅನ್ನುವುದು ಅವರ ಲೆಕ್ಕ. ನಾಲ್ಕು ವರ್ಷದ ಮೇಲೆ ಮತ್ತೆ ಬೇಕು ಅನ್ನಿಸಿದಾಗ ಕೆಲಸ ಹೋದದ್ದು ಆಗಿನ ಜೆಕೊಸ್ಲೊವಾಕಿಯಾದ ಪ್ರಾಗ್ ನಗರಕ್ಕೆ. ನಿರ್ದೇಶಕ ಜೀನ್ ಡೈಚ್ ಅಮೆರಿಕದವರು. ಹತ್ತು ದಿನದ ಕೆಲಸಕ್ಕೆಂದು 1959ರಲ್ಲಿ ಪ್ರಾಗ್‌ಗೆ ಹೋದವರು ಅಲ್ಲೇ ಮದುವೆಯಾಗಿ, 2020ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಉಳಿದರು. ಅವರ 'ಮನ್ರೋ' ಅನ್ನುವ ಕಿರುಚಿತ್ರಕ್ಕೆ ಆಸ್ಕರ್ ಕೂಡ ಬಂದಿತ್ತು. ನೀನು 'ಯಾರೋ ಅನಾಮಧೇಯ' ಅಂದಿದ್ದೀಯಲ್ಲ, ಆ ಮನುಷ್ಯ ಇವರೇ.

ಒಂದು ಕಾರ್ಟೂನಿಗೆ ಅವರಿಗೆ ಸಿಕ್ಕಿದ್ದು ಸುಮಾರು 10,000 ಡಾಲರ್. ಹಾಲಿವುಡ್ಡಿನಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಸುರಿಯುತ್ತಿದ್ದರು. ಚಿತ್ರ ಬರೆಯುವವರು ಜೆಕೊಸ್ಲೊವಾಕಿಯಾದ ಕಲಾವಿದರು. ಕಮ್ಯುನಿಸ್ಟ್ ಆಡಳಿತದ ದೇಶ, ಈ ಬೆಕ್ಕು ಇಲಿಯ ಜೊತೆ ಬೆಳೆದವರಲ್ಲ. ಹಳೆಯವುಗಳಲ್ಲಿ ಕೆಲವನ್ನಷ್ಟೇ ನೋಡಿ ಕೈ ಹಾಕಿದರು. ಅಮೆರಿಕದ ಜನ ಮೂಗು ಮುರಿಯಬಾರದು ಅಂತ ತೆರೆಯ ಮೇಲೆ ಅವರ ಹೆಸರುಗಳನ್ನು ಇಂಗ್ಲಿಷ್ ಥರ ತಿದ್ದಲಾಯಿತು. ಸಂಗೀತ ಕೊಟ್ಟ ಶ್ಚೆಪಾನ್ ಕೊನೀಚೆಕ್ ಅವರು ಸ್ಟೀವನ್ ಆಗಿಬಿಟ್ಟರು. ಎಲ್ಲಕ್ಕಿಂತ ಮಜಾ ಅಂದರೆ, ಡೈಚ್ ಅವರಿಗೇ ಮೊದಲು ಈ ಸರಣಿ ಇಷ್ಟವಿರಲಿಲ್ಲ. ಸುಮ್ಮನೆ ಹೊಡೆದಾಟ, ಅದರಲ್ಲೇನಿದೆ ಅನ್ನುವ ಅಭಿಪ್ರಾಯದವರು. ಹೆಣ್ಣು ಒಪ್ಪದ ಮದುವೆಗೆ ಚಪ್ಪರ ಹಾಕಿದ ಹಾಗೆ.

ನೋಡು, ಇದನ್ನೆಲ್ಲ ಹೇಳಿದ ಕೂಡಲೇ ನೀನು ಇನ್ನೊಂದು ತುದಿಗೆ ಹೋಗಿಬಿಡುತ್ತೀಯ ಅಂತ ನನಗೆ ಗೊತ್ತು. 'ಪಾಪ, ದುಡ್ಡಿರಲಿಲ್ಲ' ಅಂತ ಬರೆಯಬೇಡ. ಅಡುಗೆಯವನಿಗೆ ಸೌದೆ ಹಸಿಯಾಗಿತ್ತು ಅನ್ನುವುದು ನಿಜವೇ ಇರಬಹುದು, ಅನ್ನ ಮಾತ್ರ ಬೆಂದಿಲ್ಲ. ಅನ್ನ ಬೆಂದಿಲ್ಲ ಅಂತ ಒಂದು ಕಡೆ ಬರೆ, ಸೌದೆ ಹಸಿ ಅಂತ ಇನ್ನೊಂದು ಕಡೆ ಬರೆ. ಎರಡನ್ನೂ ಒಂದೇ ವಾಕ್ಯದಲ್ಲಿ ತುರುಕಬೇಡ.

ಅನ್ನ ಎಲ್ಲಿ ಬೆಂದಿಲ್ಲ ಅನ್ನುವುದನ್ನು ತೋರಿಸುವುದೇ ನಿನ್ನ ಕೆಲಸ. ನೀನು 'ಸೌಂಡ್ ವಿಚಿತ್ರವಾಗಿದೆ' ಅಂತ ಬರೆದು ಮುಂದೆ ಹೋಗಿದ್ದೀಯ. ಹೇಗೆ ವಿಚಿತ್ರ? ನಾನು ಮೊನ್ನೆ ಕೂತು ಕೇಳಿದೆ. ಪಾತ್ರೆ ಬಿದ್ದರೂ, ಬಾಗಿಲು ಬಡಿದರೂ, ಟಾಮ್ ಕಿರುಚಿದರೂ ಎಲ್ಲಾ ಖಾಲಿ ಹಂಡೆಯೊಳಗೆ ತಲೆ ಹಾಕಿ ಕೂಗಿದ ಹಾಗೆ ಮೊಳಗುತ್ತದೆ. ಹಳೆಯದರಲ್ಲಿ ಏಟಿನ ಸದ್ದು ಒಣಗಿದ ಸದ್ದು. ಟಪ್ ಅಂತ ಬಿದ್ದು ಮುಗಿಯುತ್ತದೆ. ಅದಕ್ಕೇ ನಗು ಬರುತ್ತದೆ. ಇಲ್ಲಿ ಏಟಿನ ಮೇಲೆ ಮಾರ್ದನಿ ಉಳಿಯುತ್ತದೆ. ಮಾರ್ದನಿ ಕೇಳುತ್ತಾ ಕೂತರೆ ಆ ಮನೆಯಲ್ಲಿ ಬೇರೆ ಯಾರೂ ಇಲ್ಲವೇನೋ ಅನ್ನಿಸುತ್ತದೆ, ಸ್ವಲ್ಪ ಭಯವೇ ಆಗುತ್ತದೆ. ಈ ಸದ್ದುಗಳನ್ನು ಮಾಡಿದವರು ಟಾಡ್ ಡಾಕ್‌ಸ್ಟೇಡರ್. ಟೇಪನ್ನು ಕತ್ತರಿಸಿ ಅಂಟಿಸಿ ಮಾಡುವ ಎಲೆಕ್ಟ್ರಾನಿಕ್ ಸಂಗೀತದಲ್ಲಿ ಅವರದು ದೊಡ್ಡ ಹೆಸರು. ಅಂದರೆ ಬಾರದೇ ಕೆಟ್ಟದ್ದಲ್ಲ, ಬೇಕಂತಲೇ ಮಾಡಿದ್ದು. ಬೇಕಂತಲೇ ಮಾಡಿದ್ದು ಈ ಬೆಕ್ಕಿಗೆ ಒಗ್ಗಲಿಲ್ಲ ಅಂತ ಬರೆದರೆ ಅದೊಂದು ಮಾತು. 'ವಿಚಿತ್ರ' ಅನ್ನುವುದು ಮಾತೇ ಅಲ್ಲ.

ಇನ್ನು ಹೋಲಿಕೆ. ಇದರಲ್ಲಿ ನೀನು ತಕ್ಕಡಿ ಸರಿ ಹಿಡಿದಿಲ್ಲ. ಆ ಕಡೆ 114ರಲ್ಲಿ ಆರಿಸಿ ಆರಿಸಿ 'ದಿ ಕ್ಯಾಟ್ ಕನ್ಸರ್ಟೊ' ಇಟ್ಟಿದ್ದೀಯ. ಈ ಕಡೆ ಹದಿಮೂರರಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿದ್ದೀಯ. ಹೋಲಿಸಲೇಬೇಕಾದರೆ ಸಂಗೀತಕ್ಕೆ ಸಂಗೀತ ಇಡು. ಈ ಹದಿಮೂರರಲ್ಲಿ ಕೊನೆಯದು 'ಕಾರ್ಮೆನ್ ಗೆಟ್ ಇಟ್', ನಡೆಯುವುದು ನ್ಯೂಯಾರ್ಕಿನ ಆಪೆರಾ ಥಿಯೇಟರಿನಲ್ಲಿ. ಅದರಲ್ಲಿ ಇರುವೆಗಳು ಸಂಗೀತದ ಹಾಳೆಯ ಮೇಲೆ ಸಾಲಾಗಿ ಹರಿದು ಸ್ವರದ ಚುಕ್ಕೆಗಳಾಗಿ ನಿಲ್ಲುತ್ತವೆ. ಒಳ್ಳೆಯ ಐಡಿಯಾ! ಹ್ಯಾನಾ ಬಾರ್ಬೆರಾ ಕೈಗೆ ಸಿಕ್ಕಿದ್ದರೆ ಅದೊಂದರಲ್ಲೇ ಮೂರು ನಿಮಿಷ ಆಡಿಸುತ್ತಿದ್ದರು. ಇಲ್ಲಿ ಹುಟ್ಟುವ ಹೊತ್ತಿಗೇ ಮುಗಿದು ಹೋಗುತ್ತದೆ.

ಈಗ ಕನ್ಸರ್ಟೊ ನೋಡು. ಟಾಮ್ ಕೋಟು ಹಾಕಿ ಪಿಯಾನೊ ಮುಂದೆ ಕೂತಿದೆ. ಒಳಗೆ ಸುತ್ತಿಗೆಗಳ ಮೇಲೆ ಜೆರ್ರಿ ನಿದ್ದೆ ಹೊಡೆಯುತ್ತಿದೆ. ಟಾಮ್ ಪಿಯಾನೊದ ಕೀ ಒತ್ತಿದ ಹಾಗೆಲ್ಲ ಸುತ್ತಿಗೆ ಮೇಲೆದ್ದು ಜೆರ್ರಿಯನ್ನು ಹಾಸಿಗೆಯಿಂದ ಎತ್ತಿ ಎಸೆಯುತ್ತದೆ. ಲಿಸ್ಟ್ ಅನ್ನುವ ಸಂಗೀತಗಾರ ಬರೆದ ಹಂಗೇರಿಯನ್ ರಾಪ್ಸೊಡಿ ನಡೆಯುತ್ತಿರುತ್ತದೆ, ಟಾಮ್‌ನ ಬೆರಳುಗಳು ಸರಿಯಾದ ಕೀಗಳ ಮೇಲೇ ಬೀಳುತ್ತವೆ. ಜಗಳವಾಡುತ್ತಲೇ ಟಾಮ್ ಸಭೆಯ ಮುಂದೆ ಗಾಂಭೀರ್ಯ ಬಿಡುವುದಿಲ್ಲ. ಇಡೀ ತಮಾಷೆ ಇರುವುದು ಆ ಗಾಂಭೀರ್ಯದಲ್ಲಿ. ಟಾಮ್‌ಗೆ ಕಳೆದುಕೊಳ್ಳಲು ಏನೋ ಇದೆ. ಪ್ರಾಗ್‌ನ ಟಾಮ್‌ಗೆ ಕಳೆದುಕೊಳ್ಳಲು ಏನೂ ಇಲ್ಲ. ಸುಮ್ನೆ ಓಡುತ್ತದೆ, ಬೀಳುತ್ತದೆ, ಮತ್ತೆ ಓಡುತ್ತದೆ.

ಪ್ರಾಗ್‌ನ ಟಾಮ್‌ಗೆ ಇರುವ ಆ ದಪ್ಪ ಯಜಮಾನನನ್ನು ನೀನು ಮರೆತೇ ಬಿಟ್ಟಿದ್ದೀಯ, ಅದು ನನಗೆ ನಿಜವಾಗಿ ಆಶ್ಚರ್ಯ. 'ಡೌನ್ ಅಂಡ್ ಔಟಿಂಗ್', 'ಹೈ ಸ್ಟೇಕ್ಸ್', 'ಸಾರಿ ಸಫಾರಿ' ಮೂರರಲ್ಲೂ ಬರುತ್ತಾನೆ. ಸಿಟ್ಟು ಬಂದರೆ ಮುಖ ಕೆಂಪಡರುತ್ತದೆ, ಬಂದವನೇ ಟಾಮ್‌ನನ್ನು ಹಿಡಿದು ಬಡಿಯುತ್ತಾನೆ. ಹಳೆಯ ಕಾರ್ಟೂನುಗಳಲ್ಲಿ ಟಾಮ್ ಏಟು ತಿನ್ನುವುದು ಬಹುಪಾಲು ತಾನೇ ಹೂಡಿದ ಉಪಾಯ ತನಗೇ ತಿರುಗಿದಾಗ. ಅದಕ್ಕೇ ನಾವು ಅಯ್ಯೋ ಅನ್ನದೆ ನಗುತ್ತೇವೆ. ಇಲ್ಲಿ ಒಬ್ಬ ದೊಡ್ಡ ಮನುಷ್ಯ ತನ್ನ ಮನೆಯ ಬೆಕ್ಕನ್ನು ಹೊಡೆಯುತ್ತಿದ್ದಾನೆ. ನನಗೆ ನೋಡಲಾಗಲಿಲ್ಲ. ನೀನು 'ಅಸಹ್ಯ' ಅಂತ ನಾಲ್ಕು ಕಡೆ ಬಳಸಿದ್ದನ್ನು ಇಲ್ಲಿ ಒಂದೇ ಕಡೆ ಬಳಸಿದ್ದರೆ ನಾನೇ ಒಪ್ಪಿಕೊಳ್ಳುತ್ತಿದ್ದೆ.

ಹಾಗಂತ ಹ್ಯಾನಾ ಬಾರ್ಬೆರಾ ಅವರ ಆ ಚಿನ್ನದ ಯುಗವನ್ನು ತಲೆ ಮೇಲೆ ಹೊತ್ತು ಕುಣಿಯುವುದೂ ಬೇಡ. ಮುಖ ಕಾಣಿಸದ ಆ ಕಪ್ಪು ಮನೆಗೆಲಸದ ಹೆಂಗಸು ನೆನಪಿದೆಯಲ್ಲ? ಬರೀ ಕಾಲು, ಚಪ್ಪಲಿ, ಪೊರಕೆ. ಅದು ಕಪ್ಪು ಜನರನ್ನು ಆಡಿಕೊಳ್ಳುವ ಚಿತ್ರಣವೇ. 1960ರ ದಶಕದಲ್ಲಿ ಟಿವಿಗೆಂದು ಕೆಲವು ಕಂತುಗಳಲ್ಲಿ ಅವಳ ಜಾಗದಲ್ಲಿ ಬಿಳಿಯ ಹೆಂಗಸನ್ನು ಬರೆದು ಸೇರಿಸಿದರು. ಸಿಡಿಮದ್ದು ಸಿಡಿದು ಮುಖ ಕಪ್ಪಾಗುವ ತಮಾಷೆಗಳೂ ಅದೇ ಜಾತಿಯವು. ಇನ್ನೂ ಒಂದು. ಹ್ಯಾನಾ ಬಾರ್ಬೆರಾ ಕೈಯೂ ಕೊನೆಕೊನೆಗೆ ಸೋತಿತ್ತು. 1958ರಲ್ಲಿ ಬಂದ ಅವರ ಕೊನೆಯ 'ಟಾಟ್ ವಾಚರ್ಸ್' ನೋಡು. ಫೋನಿನಲ್ಲಿ ಹರಟುತ್ತಾ ಮಗುವನ್ನು ಮರೆಯುವ ಹುಡುಗಿ, ತೆವಳಿಕೊಂಡು ಹೋಗುವ ಮಗು, ಹಿಂದೆ ಓಡುವ ಟಾಮ್, ಜೆರ್ರಿ. 1956ರ 'ಬಿಜಿ ಬಡೀಸ್'ನಲ್ಲಿ ಇದನ್ನೇ ಮಾಡಿದ್ದರು. ತಂಗಳನ್ನಕ್ಕೆ ಒಗ್ಗರಣೆ. ಇಳಿಜಾರು ಶುರುವಾದದ್ದು ಪ್ರಾಗ್‌ನಲ್ಲಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಡೈಚ್ ಆದಮೇಲೆ 1963ರಿಂದ 1967ರವರೆಗೆ ಚಕ್ ಜೋನ್ಸ್ ಅನ್ನುವ ನಿರ್ದೇಶಕರು 34 ಮಾಡಿದರು. ಟಾಮ್‌ಗೆ ದಪ್ಪ ಹುಬ್ಬು ಬಂತು, ಜೆರ್ರಿ ಕಣ್ಣು ಕಿವಿ ದೊಡ್ಡದಾಯಿತು. ಅದನ್ನು ಈ ಬರಹದಲ್ಲಿ ಎಳೆಯಬೇಡ, ಬೇರೆಯೇ ಕತೆ.

'ನಾವೆಲ್ಲ ಚಿಕ್ಕವರಿದ್ದಾಗಲೇ ಇವನ್ನು ದ್ವೇಷಿಸುತ್ತಿದ್ದೆವು' ಅಂತ ಒಂದು ಸಾಲು ಇದೆ. ನಿಜವಾ? ನಮ್ಮ ಮನೆಗಳಿಗೆ ಕಾರ್ಟೂನ್ ನೆಟ್‌ವರ್ಕ್ ಬಂದದ್ದು 1995ರ ಮೇಲೆ. 1945ರದ್ದು, 1962ರದ್ದು, 1965ರದ್ದು ಎಲ್ಲಾ ಒಂದೇ ಚೀಲದಲ್ಲಿ ಕಲಸಿ ಕೊಟ್ಟರು. ನನ್ನ ಮಗ ಶಾಲೆಯಿಂದ ಬಂದವನೇ ಬ್ಯಾಗ್ ಎಸೆದು, ಅವಲಕ್ಕಿ ತಟ್ಟೆ ಹಿಡಿದು ಕೂರುತ್ತಿದ್ದ. ಡೈಚ್ ಕಾರ್ಟೂನು ಬಂದರೆ ಎದ್ದು ಹೋಗುತ್ತಿರಲಿಲ್ಲ. 'ಇದು ಆ ಥರದ್ದು ಕಣಮ್ಮ' ಅನ್ನುತ್ತಿದ್ದ ಅಷ್ಟೇ, ತಿನ್ನುವುದು ಮಾತ್ರ ನಿಧಾನವಾಗುತ್ತಿತ್ತು. ದ್ವೇಷ ಅನ್ನುವ ಪದ ಅವನಿಗೆ ಗೊತ್ತಿರಲಿಲ್ಲ. ನಿನಗೂ ಆ ಪದ ದೊಡ್ಡವನಾದ ಮೇಲೆ ಬೇರೆಯವರಿಂದ ಬಂದಿರಬೇಕು. ಆಗಿನ ನಿನಗೆ ಏನನ್ನಿಸಿತ್ತೋ ಅದನ್ನು ಬರೆ. ನೆನಪಿಲ್ಲದಿದ್ದರೆ ಆ ಸಾಲು ಹೊಡೆದು ಹಾಕು.

ಕೊನೆಗೆ, ಈ ಹದಿಮೂರರಲ್ಲಿ ನನಗೆ ಇಷ್ಟವಾದದ್ದು ಒಂದಿದೆ. ಹೌದು, ಇಷ್ಟ. 1962ರ 'ಟಾಮ್ ಅಂಡ್ ಜೆರ್ರಿ ಕಾರ್ಟೂನ್ ಕಿಟ್'. ಕಾರ್ಟೂನು ಮಾಡುವುದು ಈಗ ಯಾರಿಗೆ ಬೇಕಾದರೂ ಸಾಧ್ಯ ಅಂತ ಒಂದು ಡಬ್ಬಿ ತೆರೆದು ತೋರಿಸುತ್ತಾರೆ. ಒಳಗೆ ದುಷ್ಟ ದಡ್ಡ ಬೆಕ್ಕು ಒಂದು, ಮುದ್ದು ಇಲಿ ಒಂದು, ಕೊಲ್ಲುವ ಆಯುಧಗಳು ಬಗೆಬಗೆಯವು. ಹೊರಬಂದದ್ದಕ್ಕೆ ಅರ್ಥ ಇರಲಿಕ್ಕಿಲ್ಲ, ಆದರೆ ಮುಖ್ಯ ಸಿನಿಮಾ ಶುರುವಾಗುವ ಮುಂಚೆ ನೀವು ಸೀಟಿನಲ್ಲಿ ಸರಿಯಾಗಿ ಕೂರುವಷ್ಟು ಹೊತ್ತು ಓಡುತ್ತದೆ, ಅನ್ನುವ ಅರ್ಥದ ಮಾತು ಹಿನ್ನೆಲೆಯಲ್ಲಿ ಬರುತ್ತದೆ. ತಮಗೆ ವಹಿಸಿದ ಕೆಲಸ ಎಂಥದ್ದು ಅಂತ ಅವರಿಗೆ ಪೂರ್ತಿ ಗೊತ್ತಿತ್ತು, ಅದನ್ನು ತೆರೆಯ ಮೇಲೇ ಹೇಳಿಬಿಟ್ಟರು. ಇಷ್ಟು ಕಹಿಯಾಗಿ ತನ್ನನ್ನೇ ಆಡಿಕೊಳ್ಳುವುದು ಆ 114ರಲ್ಲಿ ನನಗೆ ಕಾಣಲಿಲ್ಲ. ನೀನು ಒಪ್ಪಬೇಕಿಲ್ಲ. ಒಪ್ಪದಿದ್ದರೆ ಯಾಕೆ ಅಂತ ಬರೆ, ನನಗೂ ಓದಬೇಕು.

ಮುಂದಿನ ತಿಂಗಳು ಹತ್ತನೇ ತಾರೀಖಿನವರೆಗೆ ಟೈಮ್ ಇದೆ. ಹದಿಮೂರೂ ಸೇರಿದರೆ ಎರಡು ಗಂಟೆ ಕೂಡ ಆಗುವುದಿಲ್ಲ, ಒಂದು ಭಾನುವಾರ ಸಾಕು. 'ಕಾರ್ಟೂನ್ ಕಿಟ್' ಮಾತ್ರ ಎರಡು ಸಲ ನೋಡು, ಎರಡನೇ ಸಲ ಸೌಂಡ್ ಬಂದ್ ಮಾಡಿ. ಆಗ ಟಾಮ್ ಹೇಗೆ ನಡೆಯುತ್ತದೆ ಅಂತ ಒಂದು ಪುಟ ಬರೆದು ಮೊದಲು ಅದನ್ನು ಕಳಿಸು.

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಉಪ್ಪಿನಕಾಯಿ ತಲುಪಿತು, ಖಾರ ಸ್ವಲ್ಪ ಜಾಸ್ತಿ ಇತ್ತು.

ನಿನ್ನ,
ಅಕ್ಕ