ಡೈನೋಸಾರ್ ಜಾಸ್ತಿ ಆದ ಕೂಡ್ಲೇ ಸಿನಿಮಾ ದೊಡ್ಡದಾಗ್ತದಾ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಸಿನಿಮಾ ಪುಟದಲ್ಲಿ ಮೊದಲ ಭಾಗವನ್ನು ಮೀರಿಸಿದ ಎರಡನೇ ಭಾಗಗಳ ಬಗ್ಗೆ ಒಂದು ಲೇಖನ ಬಂದಿತ್ತಲ್ಲ, ಅದ್ರಲ್ಲಿ 'ಜುರಾಸಿಕ್ ಪಾರ್ಕ್'ಗಿಂತ 'ದಿ ಲಾಸ್ಟ್ ವರ್ಲ್ಡ್' ಮೇಲು, ಯಾಕಂದ್ರೆ ಡೈನೋಸಾರ್ ಜಾಸ್ತಿ, ಗ್ರಾಫಿಕ್ಸ್ ಜಾಸ್ತಿ, ಖರ್ಚೂ ಜಾಸ್ತಿ ಅಂತ ಬರೆದಿದ್ರು. ಓದಿ ಸುಮ್ನೆ ಕೂರ್ಲಿಕ್ಕೆ ಆಗ್ಲಿಲ್ಲ, ಅದಕ್ಕೇ ಈ ಪತ್ರ.

ಅದೇ ವಾರ ಮಳೆ ಜೋರು ಅಂತ ಜಿಲ್ಲಾಧಿಕಾರಿಗಳು ಎರಡು ದಿನ ಶಾಲೆಗೆ ರಜೆ ಕೊಟ್ಟಿದ್ರು, ಮಗಳು ನಾಲ್ಕನೇ ಕ್ಲಾಸು, ಮನೇಲಿ ಕೂತು ಕೂತು ಬೇಜಾರು ಅಂತ ಶುರು ಮಾಡಿದ್ಲು, ಸರಿ ಅಂತ ಮೊದಲ ದಿನ ಒಂದನೇದು, ಮರುದಿನ ಎರಡನೇದು ಹಾಕಿದೆ. ಎರಡೂ ದಿನ ಅವಳ ಅಜ್ಜಿ ಒಂದು ಪ್ಲೇಟ್ ಹಲಸಿನ ಹಪ್ಪಳ ಕಾಯಿಸಿ ಕೊಟ್ಟಿದ್ರು. ಮೊದಲ ದಿನ ಟಿ-ರೆಕ್ಸ್ ಅನ್ನುವ ಆ ದೈತ್ಯ ಡೈನೋಸಾರ್ ಬರುವ ಸೀನಲ್ಲಿ ಅವಳು ಹಪ್ಪಳದ ತುಂಡು ಕೈಯಲ್ಲೇ ಹಿಡ್ಕೊಂಡು ಕೂತಿದ್ಳು, ಸೀನು ಮುಗಿಯುವಾಗ ಹಪ್ಪಳ ಮೆತ್ತಗಾಗಿತ್ತು. ಮರುದಿನ ಅರ್ಧ ಸಿನಿಮಾ ಆಗುವ ಮೊದ್ಲೇ ಪ್ಲೇಟ್ ಖಾಲಿ.

ಇದು ಯಾಕೆ ಹೀಗೆ ಅಂತ ನಾನು ತುಂಬ ಯೋಚನೆ ಮಾಡಿದೆ. ಎರಡೂ ಸ್ಪೀಲ್‌ಬರ್ಗ್ ಅವರೇ ಮಾಡಿದ್ದು, ಒಂದು 1993ರಲ್ಲಿ, ಇನ್ನೊಂದು 1997ರಲ್ಲಿ. ಎರಡೂ ಮೈಕೆಲ್ ಕ್ರೈಟನ್ ಬರೆದ ಕಾದಂಬರಿಗಳಿಂದ ಬಂದದ್ದು, ಸಂಗೀತ ಎರಡಕ್ಕೂ ಜಾನ್ ವಿಲಿಯಮ್ಸ್ ಅವರದ್ದೇ. ಖರ್ಚು ಮೊದಲನೇದಕ್ಕೆ 6.3 ಕೋಟಿ ಡಾಲರ್, ಎರಡನೇದಕ್ಕೆ 7.3 ಕೋಟಿ. ಅಂದ್ರೆ ಕೈಯೂ ಅದೇ, ದುಡ್ಡೂ ಕಮ್ಮಿ ಇರ್ಲಿಲ್ಲ. ಹಾಗಾದ್ರೆ ಕಮ್ಮಿ ಬಿದ್ದದ್ದು ಎಂತ?

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡ್ಕೊಳ್ಳೋದು ಕಷ್ಟ ಇಲ್ಲ ಅಂತ ನಂಗೆ ಅನ್ನಿಸ್ತದೆ. ಯಕ್ಷಗಾನ ಬಯಲಾಟದಲ್ಲಿ ರಾಕ್ಷಸನ ಬಣ್ಣದ ವೇಷ ಹೇಗೆ ಬರ್ತದೆ ನೆನಪು ಮಾಡ್ಕೊಳ್ಳಿ. ಮಧ್ಯರಾತ್ರಿ ಕಳೆದಿರ್ತದೆ, ಇಬ್ಬರು ತೆರೆ ಹಿಡ್ಕೊಂಡು ನಿಲ್ತಾರೆ, ಚೆಂಡೆ ಏರ್ತಾ ಹೋಗ್ತದೆ, ತೆರೆಯ ಮೇಲಿಂದ ಬರೀ ಕಿರೀಟದ ತುದಿ ಕಾಣ್ತದೆ, ಆಮೇಲೆ ಕೈ, ಆಮೇಲೆ ಒಳಗಿಂದ ಆರ್ಭಟ, ತೆರೆ ಒಂಚೂರು ತಗ್ಗಿ ಪುನಃ ಏರ್ತದೆ, ಮುಖ ಪೂರ್ತಿ ಕಾಣುವಷ್ಟರಲ್ಲಿ ಮುಂದೆ ಚಾಪೆ ಹಾಕಿ ಮಲಗಿದ್ದ ಮಕ್ಕಳೆಲ್ಲ ಎದ್ದು ಅಮ್ಮನ ಸೆರಗು ಹಿಡ್ಕೊಂಡಿರ್ತಾರೆ. ಅದೇ ವೇಷ ಬಣ್ಣ ಹಚ್ಚುವ ಚೌಕಿಯಿಂದ ಸೀದಾ ನಡ್ಕೊಂಡು ಬಂದು ರಂಗಸ್ಥಳದಲ್ಲಿ ನಿಂತ್ರೆ ಯಾರು ಹೆದರ್ತಾರೆ?

ಜುರಾಸಿಕ್ ಪಾರ್ಕ್ ಪೂರ್ತಿ ಆ ತೆರೆ ಹಿಡಿಯುವ ಕೆಲಸದ ಮೇಲೇ ನಿಂತಿರೋದು. ಶುರುವಿಗೇ ಒಂದು ಬೋನು ತರ್ತಾರೆ, ಒಳಗಿರುವ ಪ್ರಾಣಿಯ ಕಣ್ಣು ಮಾತ್ರ ಕಾಣ್ತದೆ, ಕೆಲಸದವ ಒಬ್ಬನನ್ನು ಅದು ಎಳ್ಕೊಳ್ತದೆ, ಆದ್ರೆ ಎಂತ ಪ್ರಾಣಿ ಅಂತ ತೋರ್ಸೋದಿಲ್ಲ. ಟಿ-ರೆಕ್ಸ್ ಅಂತೂ ಸುಮಾರು ಒಂದು ಗಂಟೆ ಬರೋದೇ ಇಲ್ಲ ಮಾರಾಯ್ರೆ! ಅದಕ್ಕೆ ಅಂತ ಒಂದು ಆಡು ಕಟ್ತಾರೆ, ಎಲ್ರೂ ಕಾಯ್ತಾರೆ, ಬರೋದಿಲ್ಲ. ರಾತ್ರಿ ಮಳೆ, ಕರೆಂಟ್ ಇಲ್ಲ, ಗಾಡಿಯಲ್ಲಿ ಮಕ್ಕಳು, ಎದುರಿಗೆ ಗ್ಲಾಸಲ್ಲಿ ನೀರು. ಆ ನೀರಲ್ಲಿ ಉಂಗುರ ಏಳ್ತದೆ. ಮತ್ತೆ ನಿಲ್ತದೆ. ಪುನಃ ಏಳ್ತದೆ. ಅದಾದ ಮೇಲೆ ಆಡು ಕಟ್ಟಿದ ಜಾಗ ಖಾಲಿ, ಗಾಡಿಯ ಮೇಲೆ ಆಡಿನ ಕಾಲು ಬಂದು ಬೀಳ್ತದೆ. ಆ ಉಂಗುರಕ್ಕೆ ಅವರು ಮಾಡಿದ್ದು ಇಷ್ಟೇ, ಗಾಡಿಯ ಡ್ಯಾಶ್‌ಬೋರ್ಡ್ ಕೆಳಗೆ ಒಂದು ಗಿಟಾರ್ ತಂತಿ ಕಟ್ಟಿ ಮೀಟಿದ್ದು, ಕಂಪ್ಯೂಟರಿನ ಕೆಲಸ ಒಂದು ಚೂರೂ ಇಲ್ಲ. ಆಮೇಲೆ ಟಿ-ರೆಕ್ಸ್ ಹೊರಗೆ ಬಂದು ಗಾಡಿಯನ್ನು ಮಗುಚುವಾಗ ಹಿಂದೆ ಸಂಗೀತವೇ ಇಲ್ಲ, ಬರೀ ಮಳೆ ಶಬ್ದ ಮತ್ತೆ ಆ ಗರ್ಜನೆ. ಆ ಗರ್ಜನೆಗೆ ಆನೆಮರಿ, ಹುಲಿ, ಮೊಸಳೆಯ ಸ್ವರ ಎಲ್ಲ ಸೇರಿಸಿದ್ದಾರೆ. ನಮ್ಮ ಹೊರಗೂ ಧೋ ಅಂತ ಮಳೆ ಬರ್ತಿತ್ತು, ಯಾವುದು ಟಿವಿಯ ಮಳೆ ಯಾವುದು ನಮ್ಮ ಹೆಂಚಿನ ಮೇಲಿನ ಮಳೆ ಅಂತ ಗೊತ್ತಾಗ್ತಾ ಇರ್ಲಿಲ್ಲ.

ಇನ್ನೊಂದು ವಿಷಯ, 127 ನಿಮಿಷದ ಆ ಸಿನಿಮಾದಲ್ಲಿ ಡೈನೋಸಾರ್ ಕಾಣೋದು ಒಟ್ಟು ಸುಮಾರು 15 ನಿಮಿಷ ಅಷ್ಟೇ. ಅದ್ರಲ್ಲೂ ಹೆಚ್ಚಿನದ್ದು ಸ್ಟ್ಯಾನ್ ವಿನ್‌ಸ್ಟನ್ ಅವರ ತಂಡ ಕೈಯಾರೆ ಮಾಡಿದ ಯಂತ್ರದ ಪ್ರಾಣಿಗಳು. ನಿಜ ಅಳತೆಯ ಆ ಟಿ-ರೆಕ್ಸ್ ಮೇಲೆ ಮಳೆ ಸುರಿಸಿದ್ರೆ ಅದರ ರಬ್ಬರ್ ಚರ್ಮ ನೀರು ಕುಡಿದು ಭಾರ ಆಗಿ ಇಡೀ ಮೈ ನಡುಗ್ತಿತ್ತಂತೆ, ಶಾಟ್ ಶಾಟಿಗೂ ಟವೆಲ್ ಹಿಡ್ಕೊಂಡು ಒರೆಸಿ ಒಣಗಿಸ್ಬೇಕಿತ್ತು. 15 ನಿಮಿಷ ಸಿಕ್ಕಿದ್ದನ್ನು ಅವರು ಹೇಗೆ ಖರ್ಚು ಮಾಡಿದ್ರು ನೋಡಿ, ಅದು ಸಿನಿಮಾ ಕಟ್ಟುವ ವಿದ್ಯೆ.

ಎರಡನೇದ್ರಲ್ಲಿ ಟಿ-ರೆಕ್ಸ್ ಒಂದಲ್ಲ, ಗಂಡು ಹೆಣ್ಣು ಎರಡು, ಜೊತೆಗೆ ಮರಿ. ಬೇಟೆಗಾರರ ದಂಡು, ಹಿಂಡು ಹಿಂಡು ಡೈನೋಸಾರ್, ಕೊನೆಗೆ ಒಂದು ಟಿ-ರೆಕ್ಸನ್ನು ಸ್ಯಾನ್ ಡಿಯಾಗೋ ಪೇಟೆಗೇ ತಂದು ಬಿಡ್ತಾರೆ, ಅದು ಯಾರದ್ದೋ ಮನೆಯ ಸ್ವಿಮ್ಮಿಂಗ್ ಪೂಲಲ್ಲಿ ನೀರು ಕುಡೀತದೆ. ನೋಡ್ಲಿಕ್ಕೆ ಮಜಾ ಉಂಟು, ಇಲ್ಲ ಅನ್ನೋದಿಲ್ಲ. ಆದ್ರೆ ಮೊದಲನೇದ್ರಲ್ಲಿ ಆ ದೊಡ್ಡ ಉದ್ದ ಕುತ್ತಿಗೆಯ ಡೈನೋಸಾರನ್ನು ವಿಜ್ಞಾನಿ ಡಾಕ್ಟರ್ ಗ್ರಾಂಟ್ ಮೊದಲ ಸಲ ನೋಡಿ ಕಾಲು ಸೋತು ಕೂತ್ಕೊಳ್ತಾರಲ್ಲ, ಆ ಬೆರಗು ಇಲ್ಲಿ ಎಲ್ಲೂ ಇಲ್ಲ. ಟಿ-ರೆಕ್ಸನ್ನು ತಂದ ಹಡಗು ದಡಕ್ಕೆ ಬಂದು ಅಪ್ಪಳಿಸುವಾಗ ಒಳಗಿದ್ದವರೆಲ್ಲ ಸತ್ತಿರ್ತಾರೆ, ಸ್ಟೀರಿಂಗ್ ಮೇಲೆ ಒಬ್ಬನ ಕೈ ಮಾತ್ರ ಉಳಿದಿರ್ತದೆ, ಟಿ-ರೆಕ್ಸ್ ನೋಡಿದ್ರೆ ಕೆಳಗೆ ಬಾಗಿಲು ಮುಚ್ಚಿದ ಗೋಡೌನಲ್ಲಿ. ಹಾಗಾದ್ರೆ ಕೊಂದದ್ದು ಯಾರು? ಸಿನಿಮಾ ಹೇಳೋದೇ ಇಲ್ಲ. ಮತ್ತೆ ನಾಯಕನ ಮಗಳು ಜಿಮ್ನಾಸ್ಟಿಕ್ಸ್ ಮಾಡ್ತಾ ಕಂಬಿಯಲ್ಲಿ ತಿರುಗಿ, ಹೊಂಚು ಹಾಕಿ ಬೇಟೆಯಾಡುವ ಡೈನೋಸಾರ್ ಆದ ರ‍್ಯಾಪ್ಟರನ್ನು ಒದ್ದು ಹೊರಗೆ ಹಾಕ್ತಾಳೆ, ಮೊದಲನೇ ಸಿನಿಮಾದಲ್ಲಿ ಅಡಿಗೆಮನೆಯಲ್ಲಿ ಉಸಿರು ಬಿಗಿ ಹಿಡಿದು ಅಡಗಿದ್ದ ಎರಡು ಮಕ್ಕಳ ಎದುರು ಬಂದದ್ದೂ ಇದೇ ರ‍್ಯಾಪ್ಟರ್. ಅಲ್ಲಿ ಕಟ್ಟಿದ ಭಯವನ್ನು ಇಲ್ಲಿ ಒಂದೇ ಒದೆಗೆ ಕಳೆದ್ರು, ನಂಗೆ ನಿಜವಾಗಿ ಬೇಜಾರಾಯ್ತು.

ಹಾಗಂತ ಎರಡನೇದನ್ನು ಪೂರ್ತಿ ತೆಗೆದು ಹಾಕ್ಲಿಕ್ಕೆ ನಾನು ತಯಾರಿಲ್ಲ, ಯಾಕಂದ್ರೆ ಅದ್ರಲ್ಲಿ ಎರಡು ಸೀನು ಮೊದಲನೇದರ ಪಕ್ಕದಲ್ಲಿ ಕೂರುವಂಥದ್ದು ಉಂಟು, ನಿಮ್ಮ ಲೇಖನದಲ್ಲಿ ಅವೆರಡರ ಹೆಸರೇ ಇರ್ಲಿಲ್ಲ. ಒಂದು, ಸಂಶೋಧಕರ ಟ್ರೇಲರ್ ಗಾಡಿ ಪ್ರಪಾತಕ್ಕೆ ನೇತಾಡುವ ಸೀನು. ಅವರಲ್ಲಿ ಒಬ್ಬಳಾದ ಸಾರಾ ಕೆಳಗಿನ ಗಾಜಿನ ಮೇಲೆ ಬಿದ್ದಿರ್ತಾಳೆ, ಕೆಳಗೆ ಕತ್ತಲೆ, ಸಮುದ್ರ. ಅವಳು ಕೈ ಊರಿದ ಕಡೆ ಸಣ್ಣ ಬಿರುಕು, ಜೇಡನ ಬಲೆ ಹಾಗೆ ಅದು ಹರಡ್ತದೆ, ಟಿಕ್ ಟಿಕ್ ಅಂತ ಶಬ್ದ, ಅವಳು ಉಸಿರು ಬಿಟ್ರೂ ಒಡೀತದೇನೋ ಅನ್ನುವ ಹಾಗೆ. ಮಗಳು ಎರಡನೇ ದಿನ ಮಾತು ನಿಲ್ಸಿದ್ದು ಇಲ್ಲಿ. ಗಾಡಿಯೊಳಗೆ ಸಿಕ್ಕಿಬಿದ್ದವರನ್ನು ಬದುಕಿಸ್ಲಿಕ್ಕೆ ಹಗ್ಗ ಕಟ್ಟಿ ಒಬ್ಬನೇ ಒದ್ದಾಡುವ ಅವರ ಜೊತೆಗಾರ ಎಡ್ಡಿಯನ್ನು ಅವೆರಡು ಟಿ-ರೆಕ್ಸ್ ಸೇರಿ ಎಳೆದು ಹರಿಯುವಾಗ ನಂಗೇ ನೋಡ್ಲಿಕ್ಕೆ ಆಗ್ಲಿಲ್ಲ.

ಇನ್ನೊಂದು ಆ ಎತ್ತರದ ಹುಲ್ಲು. ಅಜಯ್ ಅಂತ ನಮ್ಮ ಭಾರತದವನ ಪಾತ್ರ ಒಂದು ಉಂಟು, ಹುಲ್ಲಿನೊಳಗೆ ಹೋಗ್ಬೇಡಿ ಅಂತ ಅವನು ಬೊಬ್ಬೆ ಹಾಕ್ತಾನೆ, ಯಾರೂ ಕೇಳೋದಿಲ್ಲ. ಮೇಲಿಂದ ನೋಡುವಾಗ ಹುಲ್ಲಲ್ಲಿ ರ‍್ಯಾಪ್ಟರುಗಳು ನುಗ್ಗಿ ಬರುವ ಬರೀ ಗೆರೆಗಳು, ನಾಲ್ಕು ಕಡೆಯಿಂದ ಗೆರೆ ಬಂದು ಸೇರ್ತದೆ, ಒಬ್ಬೊಬ್ಬರೇ ಮುಳುಗ್ತಾರೆ. ಸಣ್ಣದಿರುವಾಗ ಗುಡ್ಡೆಯಲ್ಲಿ ಮುಳಿಹುಲ್ಲಿನ ನಡುವೆ ನಡೆದವರಿಗೆ ಆ ಸರಸರ ಶಬ್ದ ಗೊತ್ತು, ಎಂತದ್ದು ಹರಿದು ಹೋಯ್ತು ಅಂತ ಕಾಣೋದಿಲ್ಲ, ಕಾಲು ಮಾತ್ರ ಅಲ್ಲೇ ನಿಲ್ತದೆ.

ನೋಡಿ, ಈ ಎರಡು ಸೀನಲ್ಲೂ ಪುನಃ ತೆರೆ ಹಿಡಿದಿದ್ದಾರೆ. ಒಂದ್ರಲ್ಲಿ ಬಿರುಕು, ಒಂದ್ರಲ್ಲಿ ಹುಲ್ಲಿನ ಗೆರೆ, ಮೊದಲನೇದ್ರಲ್ಲಿ ನೀರಿನ ಉಂಗುರ ಇದ್ದ ಹಾಗೆ. ಗೊತ್ತಿಲ್ಲದೆ ಹಾಳು ಮಾಡಿದ್ದಲ್ಲ, ಗೊತ್ತಿದ್ದೂ ಉಳಿದ ಕಡೆ ಮಾಡ್ಲಿಲ್ಲ ಅನ್ನೋದೇ ನನ್ನ ಸಂಕಟ. ಗ್ರಾಫಿಕ್ಸ್ ಮಾತು ಹೇಳುವುದಾದ್ರೆ, ಮೊದಲನೇದಕ್ಕೆ ಅದಕ್ಕೂ ಸೇರಿ ಮೂರು ಆಸ್ಕರ್ ಬಂದಿದೆ, ಎರಡನೇದು ಗ್ರಾಫಿಕ್ಸಿಗೆ ನಾಮಿನೇಟ್ ಆಗಿ ಟೈಟಾನಿಕ್ ಎದುರು ಸೋತಿದೆ.

ಈಗ ನಮ್ಮಲ್ಲೂ ಒಂದು ಸಿನಿಮಾ ಓಡಿದ ಕೂಡ್ಲೇ ಎರಡನೇ ಭಾಗ ಘೋಷಣೆ ಆಗ್ತದೆ, ಪೇಪರಲ್ಲಿ ಎಷ್ಟು ಕೋಟಿ, ಎಷ್ಟು ಸೆಟ್, ಎಷ್ಟು ಜನ ಅಂತ ಬರ್ತದೆ. ಕರಾವಳಿಯ ಹುಡುಗರು ತುಂಬ ಜನ ಇವತ್ತು ಸಿನಿಮಾ ಮಾಡ್ಲಿಕ್ಕೆ ಹೊರಟಿದ್ದಾರೆ, ಅವರು ನಿಮ್ಮ ಪುಟ ಓದ್ತಾರೆ. ಹಾಗಾಗಿ ನನ್ನ ವಿನಂತಿ ಇಷ್ಟೇ, ಮುಂದಿನ ಸಲ ಇಂಥ ಹೋಲಿಕೆ ಬರೆಸುವಾಗ ಬಜೆಟ್ಟಿನ ಲೆಕ್ಕದ ಜೊತೆಗೆ ಒಂದು ಸೀನನ್ನಾದ್ರೂ ಬಿಡಿಸಿ, ಅದನ್ನು ಹೇಗೆ ಕಟ್ಟಿದ್ದಾರೆ ಅಂತ ಬರೆಸಿ. ಬೇಕಿದ್ರೆ ಆ ನೀರಿನ ಗ್ಲಾಸಿನಿಂದಲೇ ಶುರು ಮಾಡಿ.

ಇತಿ,
ನಿಮ್ಮ ಓದುಗ,
ಅಂಬಲಪಾಡಿ, ಉಡುಪಿ