ಬೀಚ್ ಗುಡಿಸಿದವರ ಫೋಟೊ ಸಾಕು, ಪ್ಯಾಕೆಟ್ ಮಾಡಿದವರನ್ನೂ ಕೇಳಿ

ಸಂಪಾದಕರಿಗೆ ನಮಸ್ಕಾರ.

ಪರಿಸರ ದಿನ ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಫೋಟೊ ಖಾಯಂ. ಗ್ಲೌಸ್ ಹಾಕಿಕೊಂಡ ಹುಡುಗ ಹುಡುಗಿಯರು ಕಡಲತೀರದಲ್ಲಿ ಚೀಲ ಹಿಡಿದು ಕಸ ಆಯುತ್ತಿರುತ್ತಾರೆ, ಕೆಳಗೆ 'ಇಷ್ಟು ಟನ್ ಪ್ಲಾಸ್ಟಿಕ್ ಸಂಗ್ರಹ' ಅಂತ ಒಂದು ಸಾಲು. ಆ ಮಕ್ಕಳ ಬಗ್ಗೆ ನನಗೆ ಗೌರವ ಇದೆ, ಬಿಸಿಲಲ್ಲಿ ಬಗ್ಗಿ ಬಗ್ಗಿ ಕಸ ಎತ್ತುವುದು ಸುಲಭವಲ್ಲ. ಆದರೆ ಸುದ್ದಿ ಅಲ್ಲಿಗೇ ಮುಗಿದುಬಿಡುತ್ತದಲ್ಲ, ನನ್ನ ತಕರಾರು ಅದು. ಆ ಚೀಲದೊಳಗೆ ಏನಿತ್ತು, ಅದನ್ನು ತಯಾರು ಮಾಡಿದ್ದು ಯಾರು, ಮರುಬಳಕೆ ಆಗುವುದಿಲ್ಲ ಅಂತ ಗೊತ್ತಿದ್ದೂ ಹಾಗೆ ಯಾಕೆ ಮಾಡಿದರು, ಇದ್ಯಾವುದೂ ಸುದ್ದಿಯಲ್ಲಿ ಇರುವುದಿಲ್ಲ. ಓದಿದವರಿಗೆ ಉಳಿಯುವುದು 'ಜನ ಸರಿ ಇಲ್ಲ, ಎಲ್ಲೆಂದರಲ್ಲಿ ಎಸೆಯುತ್ತಾರೆ' ಅನ್ನುವ ಒಂದೇ ಮಾತು.

ಪ್ಲಾಸ್ಟಿಕ್ ಕಸದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಪ್ಯಾಕಿಂಗಿನದು. ಪೈಪು, ವೈರು, ಕುರ್ಚಿ, ಕಾರಿನ ಭಾಗಗಳು ಪ್ಲಾಸ್ಟಿಕ್ಕೇ ಆದರೂ ವರ್ಷಗಟ್ಟಲೆ ಬಾಳುತ್ತವೆ. ಪ್ಯಾಕಿಂಗ್ ತಯಾರಾದ ವರ್ಷದಲ್ಲೇ ಹೆಚ್ಚುಕಮ್ಮಿ ಎಲ್ಲವೂ ಕಸವಾಗುತ್ತದೆ, ಎಷ್ಟೋ ಸಲ ಅದು ನಮ್ಮ ಕೈಯಲ್ಲಿ ಇರುವುದು ಕೆಲವೇ ನಿಮಿಷ. ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಇಸಿಡಿ ಅನ್ನುವ ಆರ್ಥಿಕ ಸಹಕಾರ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ 35.3 ಕೋಟಿ ಟನ್ ಪ್ಲಾಸ್ಟಿಕ್ ಕಸ ಆಯಿತು, ಅದರಲ್ಲಿ ಸುಮಾರು ಶೇ 40ರಷ್ಟು ಪ್ಯಾಕಿಂಗ್. ಮರುಬಳಕೆ ಆಗಿದ್ದು ಒಟ್ಟು ಕಸದ ಶೇ 9 ಮಾತ್ರ. 2017ರಲ್ಲಿ ಬಂದ ಇನ್ನೊಂದು ಅಧ್ಯಯನ 1950ರಿಂದ 2015ರವರೆಗಿನ ಲೆಕ್ಕವನ್ನೇ ಹಿಡಿದಿತ್ತು. ಅಷ್ಟು ವರ್ಷಗಳಲ್ಲಿ ತಯಾರಾದದ್ದು 830 ಕೋಟಿ ಟನ್, ಕಸವಾಗಿದ್ದು 630 ಕೋಟಿ ಟನ್, ಅಲ್ಲೂ ಮರುಬಳಕೆ ಶೇ 9, ಸುಟ್ಟಿದ್ದು ಶೇ 12, ಉಳಿದದ್ದು ಕಸದ ಗುಡ್ಡಗಳಲ್ಲಿ ಅಥವಾ ಬಯಲಲ್ಲಿ. ಮರುಬಳಕೆ ಮರುಬಳಕೆ ಅಂತ ಇಷ್ಟು ವರ್ಷ ಕೇಳಿದ್ದಕ್ಕೆ ಕೊನೆಗೆ ಸಿಕ್ಕಿದ್ದು ಇಷ್ಟು.

ಇದರಲ್ಲಿ ಸಮುದ್ರಕ್ಕೆ ಎಷ್ಟು ಹೋಗುತ್ತದೆ? 192 ಕರಾವಳಿ ದೇಶಗಳನ್ನು ಹಿಡಿದು 2015ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ, 2010ರ ಒಂದೇ ವರ್ಷದಲ್ಲಿ 48 ಲಕ್ಷದಿಂದ 1.27 ಕೋಟಿ ಟನ್ ಅಂತ ಅಂದಾಜು ಮಾಡಿತ್ತು. ಇಷ್ಟೊಂದು ಅಂತರ ಯಾಕೆ ಅಂದರೆ, ನದಿ ಸಮುದ್ರ ಸೇರುವ ಕಡೆ ತಕ್ಕಡಿ ಇಟ್ಟುಕೊಂಡು ಯಾರೂ ಕೂತಿಲ್ಲ. ಜನ ಎಷ್ಟು, ಕಸ ಎಷ್ಟು, ಅದರಲ್ಲಿ ಸರಿಯಾಗಿ ವಿಲೇವಾರಿ ಆಗದೆ ಉಳಿಯುವುದು ಎಷ್ಟು ಅಂತ ನೋಡಿ ಲೆಕ್ಕ ಕಟ್ಟಬೇಕು. ಕಡಿಮೆ ಅಂಕಿಯನ್ನೇ ಹಿಡಿದರೂ ಸಣ್ಣದೇನಲ್ಲ. ಮೊದಲೆಲ್ಲ ಹತ್ತು ದೊಡ್ಡ ನದಿಗಳಿಂದಲೇ ಬಹುಪಾಲು ಕಸ ಬರುತ್ತದೆ ಅಂತ ಹೇಳುತ್ತಿದ್ದರು. 2021ರ ಅಧ್ಯಯನವೊಂದು ಅದನ್ನು ತಿದ್ದಿತು: ನದಿಗಳಿಂದ ಬರುವ ಪ್ಲಾಸ್ಟಿಕ್‌ನ ಶೇ 80ರಷ್ಟು ಸಾವಿರಕ್ಕೂ ಹೆಚ್ಚು ನದಿಗಳಿಂದ ಬರುತ್ತದೆ, ಅದರಲ್ಲೂ ಊರುಗಳ ಮಧ್ಯೆ ಹರಿಯುವ ಸಣ್ಣ ನದಿಗಳ ಪಾಲು ಜಾಸ್ತಿ. ಹೀಗಿರುವಾಗ ನಾಲ್ಕು ದೊಡ್ಡ ನದಿಗಳ ಬಾಯಿಗೆ ಬಲೆ ಕಟ್ಟಿದರೆ ಏನಾದೀತು?

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಪೆಸಿಫಿಕ್ ಸಾಗರದ ನಡುವೆ ಕಸ ತೇಲುವ ಜಾಗ ಇದೆಯಲ್ಲ, ಸುಮಾರು 16 ಲಕ್ಷ ಚದರ ಕಿಲೋಮೀಟರ್ ಅಗಲದ್ದು, ಅಲ್ಲಿ ತೂಕದ ಲೆಕ್ಕದಲ್ಲಿ ಶೇ 46ರಷ್ಟು ಮೀನಿನ ಬಲೆಗಳೇ ಅಂತ 2018ರಲ್ಲಿ ಅಧ್ಯಯನವೊಂದು ಹೇಳಿತು. ಹಾಗಾದರೆ ಪ್ಯಾಕೆಟ್‌ಗಳ ಮೇಲೆ ಯಾಕೆ ಬೀಳುತ್ತೀರಿ ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಬಲೆಗಳದ್ದು ದೊಡ್ಡ ಸಮಸ್ಯೆ ನಿಜ. ಆದರೆ ನಡುಸಮುದ್ರದಲ್ಲಿ ವರ್ಷಗಟ್ಟಲೆ ತೇಲುತ್ತಾ ಉಳಿಯುವುದು ದಪ್ಪ, ಗಟ್ಟಿ ಸಾಮಾನು. ನೀರಿನ ಬಾಟಲಿ ಮಾಡುವ ಪೆಟ್ ಪ್ಲಾಸ್ಟಿಕ್ ನೀರಿಗಿಂತ ಭಾರ, ಮುಚ್ಚಳ ಹೋಗಿ ನೀರು ತುಂಬಿದರೆ ಮುಳುಗುತ್ತದೆ. ತೆಳು ಕವರು ಬಿಸಿಲಿಗೆ, ಅಲೆಗೆ ಸಿಕ್ಕಿ ಚೂರು ಚೂರಾಗುತ್ತದೆ. ಎಷ್ಟೋ ಕಸ ಅಷ್ಟು ದೂರ ಹೋಗುವುದೇ ಇಲ್ಲ, ತೀರಕ್ಕೇ ವಾಪಸ್ ಬಂದು ಬೀಳುತ್ತದೆ. ಯುರೋಪಿನ ತೀರಗಳಲ್ಲಿ ಎಣಿಸಿದಾಗ ಸಿಕ್ಕ ಕಸದಲ್ಲಿ ಸುಮಾರು ಅರ್ಧದಷ್ಟು ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್, ಮೀನುಗಾರಿಕೆಯದ್ದು ಶೇ 27. ಮೇಲೆ ತೇಲುವುದನ್ನಷ್ಟೇ ನೋಡಿ ತೀರ್ಪು ಕೊಡಲು ಬರುವುದಿಲ್ಲ.

ಈಗ ಆ ಸಣ್ಣ ಸ್ಯಾಶೆ ಪ್ಯಾಕೆಟ್ ವಿಷಯಕ್ಕೆ ಬರುತ್ತೇನೆ, ನಾನು ಪತ್ರ ಬರೆಯಲು ಕೂತಿದ್ದೇ ಅದಕ್ಕೆ. ಶಾಂಪೂ ಇರಲಿ, ಪುಡಿ ಇರಲಿ, ಕುರುಕಲು ತಿಂಡಿ ಇರಲಿ, ಒಂದು ಖಾಲಿ ಪ್ಯಾಕೆಟ್ ಹರಿದು ಬೆಳಕಿಗೆ ಹಿಡಿದು ನೋಡಿ. ಹೊರಗೆ ಬಣ್ಣದ ಪ್ರಿಂಟ್ ಇರುವ ಪದರ, ಅದು ಹೆಚ್ಚಾಗಿ ಪೆಟ್. ನಡುವೆ ಗಾಳಿ, ಬೆಳಕು, ತೇವ ತಡೆಯಲು ಅಲ್ಯೂಮಿನಿಯಂ. ಒಳಗೆ ಬಿಸಿ ಮಾಡಿ ಅಂಚು ಅಂಟಿಸಲು ಪಾಲಿಥಿನ್. ಇವು ಮೂರನ್ನೂ ಅಂಟಿಸಿ ಕೂದಲೆಳೆಯಷ್ಟು ತೆಳ್ಳಗೆ ಮಾಡಿರುತ್ತಾರೆ. ತಯಾರಿಕೆಯ ಜಾಣ್ಮೆಗೆ ಭೇಷ್ ಅನ್ನಲೇಬೇಕು. ಆದರೆ ಖಾಲಿ ಆದ ಮೇಲೆ? ಪಾಲಿಥಿನ್ ನೂರ ಚಿಲ್ಲರೆ ಡಿಗ್ರಿಗೇ ಕರಗುತ್ತದೆ, ಪೆಟ್ ಕರಗಲು 250 ಡಿಗ್ರಿ ಬೇಕು, ಎರಡನ್ನೂ ಒಟ್ಟಿಗೆ ಕರಗಿಸಿದರೆ ಸರಿಯಾಗಿ ಬೆರೆಯುವುದಿಲ್ಲ. ಪದರ ಬಿಡಿಸುವುದು ಸಾಧ್ಯವೇ ಇಲ್ಲ ಅಂತಲ್ಲ, ಖರ್ಚು ಗಿಟ್ಟುವುದಿಲ್ಲ. ಹಾಗಾಗಿ ಚಿಂದಿ ಆಯುವವರು ಬಾಟಲಿ ಎತ್ತಿಕೊಳ್ಳುತ್ತಾರೆ, ಡಬ್ಬ ಎತ್ತಿಕೊಳ್ಳುತ್ತಾರೆ, ಈ ಪ್ಯಾಕೆಟ್ ಅಲ್ಲೇ ಬಿಡುತ್ತಾರೆ. ತೂಕವೂ ಇಲ್ಲ, ಕೊಳ್ಳುವವರೂ ಇಲ್ಲ, ಅವರು ಯಾಕೆ ಬಗ್ಗಬೇಕು ಹೇಳಿ. ಮಳೆ ಬಂದಾಗ ಅದು ಚರಂಡಿಗೆ, ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ನದಿಗೆ. ಇದನ್ನು ಜನರ ಅಶಿಸ್ತು ಅಂತ ಮಾತ್ರ ಹೇಳಿ ಕೈತೊಳೆದುಕೊಂಡರೆ ಹೇಗೆ? ಆ ಪ್ಯಾಕೆಟ್ಟಿನ ಗತಿ ಅದರ ನಕ್ಷೆ ಮಾಡಿದ ದಿನವೇ ತೀರ್ಮಾನ ಆಗಿರುತ್ತದೆ.

ಪ್ಯಾಕಿಂಗ್ ಮೇಲೆ ಬಾಣಗಳ ತ್ರಿಕೋನದೊಳಗೆ 1ರಿಂದ 7ರವರೆಗೆ ಒಂದು ಅಂಕಿ ಇರುತ್ತದಲ್ಲ, ಅದನ್ನು ನೋಡಿ 'ಓ, ಇದು ಮರುಬಳಕೆ ಆಗುತ್ತದೆ' ಅಂದುಕೊಳ್ಳುವವರು ತುಂಬಾ ಜನ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ತಂದ ಗುರುತು ಅದು. ಯಾವ ಬಗೆಯ ಪ್ಲಾಸ್ಟಿಕ್ ಅನ್ನುವುದನ್ನಷ್ಟೇ ಅದು ಹೇಳುತ್ತದೆ. 7 ಅಂದರೆ 'ಇತರೆ', ಯಾವುದಕ್ಕೂ ಸೇರದ್ದೆಲ್ಲ ಅಲ್ಲಿಗೆ. 'ಮಣ್ಣಲ್ಲಿ ಕರಗಿಹೋಗುವ ಪ್ಲಾಸ್ಟಿಕ್' ಅಂತ ಮಾರುವುದರಲ್ಲೂ ಇಂಥದ್ದೇ ಕಥೆ. ಪಿಎಲ್‌ಎ ಅನ್ನುವ ಬಗೆ ಗೊಬ್ಬರ ಆಗಬೇಕಾದರೆ ದೊಡ್ಡ ಘಟಕದಲ್ಲಿ 60 ಡಿಗ್ರಿ ಹತ್ತಿರದ ಶಾಖ ಬೇಕು. ತಣ್ಣನೆಯ ಸಮುದ್ರದಲ್ಲಿ ಅಷ್ಟು ಶಾಖ ಎಲ್ಲಿಂದ ಬರಬೇಕು?

ಸಮುದ್ರದ ಜೀವಿಗಳ ಕಷ್ಟ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬಂದಿದೆ, ಅದನ್ನೇ ಮತ್ತೆ ಬರೆಯುವುದಿಲ್ಲ. 2019ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಸತ್ತ ತಿಮಿಂಗಿಲವೊಂದರ ಹೊಟ್ಟೆಯಲ್ಲಿ 40 ಕಿಲೋ ಪ್ಲಾಸ್ಟಿಕ್ ಸಿಕ್ಕಿದ್ದು ಹಲವರಿಗೆ ನೆನಪಿರಬಹುದು. ಅಷ್ಟಾಗಿ ಸುದ್ದಿಯಾಗದ ಒಂದು ಸಂಗತಿ ಮಾತ್ರ ಹೇಳುತ್ತೇನೆ. ಕಡಲಹಕ್ಕಿಗಳು ಪ್ಲಾಸ್ಟಿಕ್ ತಿನ್ನುವುದು ಕಣ್ಣಿಗೆ ಮೋಸ ಹೋಗಿ ಅಂತ ಎಲ್ಲರೂ ತಿಳಿದಿದ್ದರು. ವಾಸನೆಯೂ ಕಾರಣ ಇರಬಹುದು ಅಂತ 2016ರಲ್ಲಿ ಸಂಶೋಧಕರು ತೋರಿಸಿದರು. ನೀರಿನಲ್ಲಿ ಕೆಲವು ವಾರ ಇದ್ದ ಪ್ಲಾಸ್ಟಿಕ್ ಮೇಲೆ ಪಾಚಿ ಕೂರುತ್ತದೆ, ಅದರಿಂದ ಗಂಧಕದ ಒಂದು ವಾಸನೆ ಬರುತ್ತದೆ, ಕೆಲವು ಹಕ್ಕಿಗಳು ಆಹಾರ ಹುಡುಕುವುದೇ ಆ ವಾಸನೆ ಹಿಡಿದು.

ಹಾಗಾದರೆ ಏನು ಮಾಡಬೇಕು? 'ಬ್ಯಾನ್ ಮಾಡಿ' ಅನ್ನುವುದು ಸುಲಭದ ಉತ್ತರ. ತೆಳು ಪಾಲಿಥಿನ್ ಚೀಲವನ್ನು ಮೊದಲು ನಿಷೇಧಿಸಿದ ದೇಶ ಬಾಂಗ್ಲಾದೇಶ, 2002ರಲ್ಲಿ. ಪ್ರವಾಹದ ನೀರು ಹರಿಯದಂತೆ ಚರಂಡಿಗಳಲ್ಲಿ ಚೀಲ ಕಟ್ಟಿಕೊಂಡಿದ್ದು ಅದಕ್ಕೆ ಕಾರಣ. ಆದರೆ ಕಾಯಿದೆ ಬಿಗಿಯಾಗಿ ಜಾರಿ ಆಗಲಿಲ್ಲ, ಚೀಲ ಮತ್ತೆ ಬಂತು. ಅದೇ ವರ್ಷ ಐರ್ಲೆಂಡ್ ನಿಷೇಧ ಮಾಡದೆ ಒಂದು ಚೀಲಕ್ಕೆ 15 ಸೆಂಟ್ ತೆರಿಗೆ ಹಾಕಿತು. ಬಳಕೆ ಶೇ 90ಕ್ಕೂ ಹೆಚ್ಚು ಇಳಿಯಿತು. ಜರ್ಮನಿಯಲ್ಲಿ 2003ರಿಂದ ಒಮ್ಮೆ ಬಳಸುವ ಪಾನೀಯದ ಬಾಟಲಿಗೂ ಠೇವಣಿ ಇದೆ, ಈಗ 25 ಸೆಂಟ್, ಖಾಲಿ ಬಾಟಲಿ ವಾಪಸ್ ಕೊಟ್ಟರೆ ದುಡ್ಡು ವಾಪಸ್. ಬಹುಪಾಲು ಬಾಟಲಿಗಳು ಹಿಂದಕ್ಕೆ ಬರುತ್ತವೆ, ಯಾರಾದರೂ ಎಸೆದರೂ ಇನ್ಯಾರೋ ಎತ್ತಿಕೊಂಡು ಹೋಗಿ ಕೊಡುತ್ತಾರೆ. ಅಲ್ಲಿನ ಜನ ನಮಗಿಂತ ಒಳ್ಳೆಯವರು ಅಂತ ನನಗೇನೂ ಅನಿಸುವುದಿಲ್ಲ. ಕಸಕ್ಕೆ ಬೆಲೆ ಬಂತು, ಅಷ್ಟೇ.

ತಯಾರಕರ ಹೊಣೆ ಅನ್ನುವುದೂ ಹೊಸ ಮಾತೇನಲ್ಲ. ಪ್ಯಾಕಿಂಗ್ ಕಸ ವಾಪಸ್ ತೆಗೆದುಕೊಳ್ಳುವ ಖರ್ಚು ಮಾರುಕಟ್ಟೆಗೆ ಬಿಟ್ಟವರದ್ದೇ ಅಂತ ಜರ್ಮನಿ 1991ರಲ್ಲೇ ನಿಯಮ ಮಾಡಿತು. ಆಮೇಲೆ ಎಷ್ಟೋ ದೇಶಗಳು ಅದನ್ನು ಒಪ್ಪಿಕೊಂಡವು. ನನ್ನ ಪ್ರಕಾರ ಇದರಲ್ಲಿ ಮುಖ್ಯವಾದದ್ದು ಶುಲ್ಕದಲ್ಲಿ ವ್ಯತ್ಯಾಸ ಇಡುವುದು. ಒಂದೇ ಬಗೆಯ ಪ್ಲಾಸ್ಟಿಕ್‌ನಲ್ಲಿ, ಬಣ್ಣ ಕಡಿಮೆ ಇರುವ, ಸುಲಭವಾಗಿ ಕರಗಿಸಬಹುದಾದ ಪ್ಯಾಕೆಟ್ ಮಾಡಿದರೆ ಕಡಿಮೆ ಶುಲ್ಕ. ಮೂರು ಪದರ ಅಂಟಿಸಿದರೆ ಜಾಸ್ತಿ, ನೋವಾಗುವಷ್ಟು ಜಾಸ್ತಿ. ಎಲ್ಲರಿಗೂ ಒಂದೇ ದರ ಅಂದರೆ ಯಾವ ಕಂಪನಿ ಸುಮ್ನೆ ನಕ್ಷೆ ಬದಲಾಯಿಸುತ್ತದೆ? ಕಾಯಿದೆ ಬಂದರೆ ಬದಲಾಗುತ್ತದೆ ಅನ್ನುವುದಕ್ಕೆ ಸಣ್ಣ ಉದಾಹರಣೆಯೂ ಇದೆ: 2024ರ ಜುಲೈಯಿಂದ ಯುರೋಪ್ ಒಕ್ಕೂಟದಲ್ಲಿ ಪಾನೀಯದ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ತೆರೆದ ಮೇಲೂ ಬಾಟಲಿಗೇ ಅಂಟಿಕೊಂಡಿರಬೇಕು. ಕುಡಿಯುವಾಗ ಮೂಗಿಗೆ ತಾಗುತ್ತದೆ ಅಂತ ಜನ ಗೊಣಗಿದರು. ಆದರೂ ಮುಚ್ಚಳ ಬದಲಾಯಿತು.

ಎಲ್ಲ ಪ್ಯಾಕಿಂಗೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಇಂಜೆಕ್ಷನ್ ಸಿರಿಂಜ್ ಪ್ಲಾಸ್ಟಿಕ್ ಕವರಿನಲ್ಲೇ ಬರಲಿ. ಬೇಗ ಕೆಡುವ ಆಹಾರಕ್ಕೆ ಹೊದಿಕೆ ಬೇಕಾಗಬಹುದು, ಆಹಾರ ಹಾಳಾಗುವುದೂ ನಷ್ಟವೇ ಅಲ್ವಾ. ಆದರೆ ಡಬ್ಬದ ಮೇಲೆ ಕವರ್, ಕವರಿನ ಮೇಲೆ ಡಬ್ಬ, ಎರಡು ಸೋಪನ್ನು ಒಟ್ಟು ಕಟ್ಟಲು ಮತ್ತೊಂದು ಹಾಳೆ, ಇದರಿಂದ ಯಾವ ವಸ್ತುವಿಗೂ ರಕ್ಷಣೆ ಇಲ್ಲ.

2022ರ ಮಾರ್ಚಿನಲ್ಲಿ ನೈರೋಬಿಯಲ್ಲಿ ಸೇರಿದ ದೇಶಗಳು ಪ್ಲಾಸ್ಟಿಕ್ ಬಗ್ಗೆ ಒಂದು ಜಾಗತಿಕ ಒಪ್ಪಂದ ಮಾಡಿಕೊಳ್ಳೋಣ ಅಂತ ತೀರ್ಮಾನಿಸಿದವು. ಮಾತುಕತೆ 2024ರ ಕೊನೆಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಮುಗಿಯಬೇಕಿತ್ತು, ಮುಗಿಯಲಿಲ್ಲ. 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಮತ್ತೆ ಸೇರಿದರು, ಅಲ್ಲೂ ಒಮ್ಮತ ಆಗಲಿಲ್ಲ. ಜಗಳ ಇರುವುದು ತಯಾರಿಕೆಗೇ ಮಿತಿ ಹಾಕಬೇಕೋ, ಕಸ ನಿರ್ವಹಣೆ ಸುಧಾರಿಸಿದರೆ ಸಾಕೋ ಅನ್ನುವಲ್ಲಿ. ತೈಲ ಇರುವ ದೇಶಗಳು ಎರಡನೆಯದೇ ಸಾಕು ಅನ್ನುತ್ತವೆ, ಪ್ಲಾಸ್ಟಿಕ್ ಬರುವುದು ತೈಲ ಮತ್ತು ಅನಿಲದಿಂದ ತಾನೇ. ಇಂಥ ಸುದ್ದಿಗೆ ವಿದೇಶ ಪುಟದ ಮೂಲೆಯಲ್ಲಿ ನಾಲ್ಕು ಸಾಲು ಸಿಕ್ಕರೆ ಹೆಚ್ಚು, ಬೀಚ್ ಗುಡಿಸಿದ ಫೋಟೊಗೆ ಮಾತ್ರ ಮೂರು ಕಾಲಂ.

ಅದಕ್ಕೇ ಕೇಳುತ್ತಿರುವುದು. ಮುಂದಿನ ಸಲ ಅಂಥ ಫೋಟೊ ಹಾಕುವಾಗ ಆ ಹುಡುಗರಿಗೆ ಒಂದು ಕೆಲಸ ಹೇಳಿ: ಚೀಲ ಸುರಿದು ಕಸ ವಿಂಗಡಿಸಿ, ಯಾವ ಬಗೆಯದ್ದು ಎಷ್ಟು, ಯಾರ ಹೆಸರು ಎಷ್ಟು ಸಲ ಅಂತ ಎಣಿಸಲಿ. ಆ ಪಟ್ಟಿಯನ್ನು ಫೋಟೊ ಪಕ್ಕದಲ್ಲೇ ಅಚ್ಚು ಹಾಕಿ. ಪಟ್ಟಿಯಲ್ಲಿ ಮೇಲಿರುವ ಕಂಪನಿಗಳಿಗೆ ನಿಮ್ಮ ವರದಿಗಾರರು ಫೋನ್ ಮಾಡಿ, ಈ ಪ್ಯಾಕೆಟ್ ಒಂದೇ ಪದರದಲ್ಲಿ ಯಾವಾಗ ಬರುತ್ತದೆ ಅಂತ ಕೇಳಲಿ. ಉತ್ತರ ಬಂದರೆ ಹಾಕಿ, ಬರದಿದ್ದರೆ 'ಉತ್ತರ ಬಂದಿಲ್ಲ' ಅಂತ ಹಾಕಿ. ಆ ಕಂಪನಿಗಳಲ್ಲಿ ಕೆಲವು ನಿಮಗೆ ಜಾಹೀರಾತು ಕೊಡುವವೇ ಇರಬಹುದು, ಕಷ್ಟ ಅರ್ಥವಾಗುತ್ತದೆ, ಆದರೂ ಕೇಳಿ. ಹಾಂ, ವಿಶೇಷಾಂಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಳಿಸುವ ಅಭ್ಯಾಸ ಪತ್ರಿಕೆಗಳಿಗೂ ಇದೆ. ನಿಮ್ಮಲ್ಲೂ ಇದ್ದರೆ ಈ ವರ್ಷದಿಂದ ಅದನ್ನು ಬಿಡಬಹುದಾ ಅಂತ ನಿಮ್ಮ ಪ್ರಸಾರ ವಿಭಾಗವನ್ನೂ ಒಮ್ಮೆ ಕೇಳಿ ನೋಡಿ.

ಇಂತಿ,
ನಿಮ್ಮ ಓದುಗ